ಆರುವುದೂ ಕುದಿಯುವುದೂ

"ಕನ್ನಡದಲ್ಲಿ ಕಲಿತವರಿಗೆ ವಿಜ್ಞಾನ ದಕ್ಕೀತೇ?" ಎಂಬ ಪ್ರಶ್ನೆಯನ್ನು ಈ ಮಹಾನಗರದಲ್ಲಿ ನಾವು ಆಗಾಗ ಕೇಳಬೇಕಾಗುತ್ತದೆ. ನೆರೆಯವರು ಕೇಳುತ್ತಾರೆ, ಬಂಧುಗಳು ಕೇಳುತ್ತಾರೆ, ಕೆಲವೊಮ್ಮೆ ನಮ್ಮ ಮನಸ್ಸೇ ಕೇಳುತ್ತದೆ. ಮನೆಯ ನೀರಿನಿಂದಲೇ ಇದಕ್ಕೆ ಉತ್ತರ ಕೊಡಲು ಬಯಸುತ್ತೇವೆ.

ನೀರು ಆವಿಯಾಗುವುದು ಯಾವಾಗ ಎಂದರೆ, 100 ಡಿಗ್ರಿಗೆ ಕುದಿದಾಗ ಎಂದು ನಮ್ಮಲ್ಲಿ ಅನೇಕರು ಥಟ್ಟನೆ ಹೇಳಿಬಿಡುತ್ತೇವೆ. ಹಾಗಾದರೆ ಚಾಳಿನ ಗ್ಯಾಲರಿಯಲ್ಲಿ ಹರವಿದ ಬಟ್ಟೆ 30 ಡಿಗ್ರಿಯಲ್ಲಿಯೇ ಆರುವುದು ಹೇಗೆ? ನೀರಿನ ಅಣುಗಳೆಲ್ಲವೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಮೇಲ್ಮೈಯಲ್ಲಿರುವ ಅತಿವೇಗದ ಅಣುಗಳು ಸಂಗಾತಿಗಳ ಸೆಳೆತವನ್ನು ಹರಿದುಕೊಂಡು ಗಾಳಿಗೆ ಸೇರುತ್ತವೆ. ಇದಕ್ಕೆ ಕುದಿತ ಬೇಕಿಲ್ಲ. ವೇಗದ ಅಣುಗಳು ಹೊರಟುಹೋದುದರಿಂದ ಉಳಿದ ನೀರು ತಂಪಾಗುತ್ತದೆ; ಮಣ್ಣಿನ ಹೂಜಿಯ ಗುಟ್ಟು ಇದೇ. ಮುಂಬಯಿಯ ಆಷಾಢದಲ್ಲಾದರೋ ಗಾಳಿ ಮೊದಲೇ ಆವಿಯಿಂದ ತುಂಬಿರುತ್ತದೆ. ಹೊರಟ ಅಣುಗಳಲ್ಲಿ ಬಹುಪಾಲು ಮರಳಿ ಬರುವಷ್ಟು ಅಣುಗಳು ಗಾಳಿಯಲ್ಲಿರುವುದರಿಂದ ನಮ್ಮ ಸಮವಸ್ತ್ರ ಎರಡು ದಿನವಾದರೂ ಆರದು.

ಕುದಿಯುವ ಬಗೆ ಬೇರೆ. ನೀರಿನ ಆವಿಯ ಒತ್ತಡವು ಮೇಲಿನ ವಾಯುವಿನ ಒತ್ತಡಕ್ಕೆ ಸರಿಸಮವಾದಾಗ ಒಡಲೊಳಗೇ ಗುಳ್ಳೆಗಳೆದ್ದು ನೀರು ಕುದಿಯುತ್ತದೆ. ಆದುದರಿಂದ 100 ಡಿಗ್ರಿ ಎಂಬುದು ಸಮುದ್ರಮಟ್ಟದ ಮಾತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕ್ಕರಿನೊಳಗೆ 120ರ ಸಮೀಪಕ್ಕೆ ಏರುತ್ತದೆ. ತೆರೆದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಎಷ್ಟು ಉರಿ ಹಚ್ಚಿದರೂ ನೀರಿನ ಉಷ್ಣತೆ ಹೆಚ್ಚದು. ಆ ಶಾಖವೆಲ್ಲವೂ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. ಒಂದು ಗ್ರಾಮಿಗೆ ಸುಮಾರು 540 ಕ್ಯಾಲೊರಿ. 18ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಈ ಅಡಗಿದ ಶಾಖವೇ ಗುಪ್ತೋಷ್ಣ. ಹಬೆಯು ಕೈಗೆ ತಗಲಿ ನೀರಾಗುವಾಗ ಆ ಶಾಖವನ್ನೆಲ್ಲ ಚರ್ಮಕ್ಕೆ ಒಪ್ಪಿಸುವುದರಿಂದಲೇ ಅದು ಕುದಿನೀರಿಗಿಂತ ಹೆಚ್ಚು ಸುಡುತ್ತದೆ.

ಈಗ ನಮ್ಮ ನುಡಿಯನ್ನು ನೋಡೋಣ. ಬಟ್ಟೆ ಆರಿತು, ಹಾಲು ಕುದಿಯಿತು ಎನ್ನುವ ನಮ್ಮ ತಾಯಂದಿರು ಈ ಎರಡನ್ನೂ ಎಂದೂ ಬೆರೆಸಿದವರಲ್ಲ. ಬಟ್ಟೆ ಒಣಗಿದರೂ 'ಆರಿತು', ಹಾಲು ತಣಿದರೂ 'ಆರಿತು'. ಇದರಿಂದ ಹಿರಿಯರಿಗೆ ಅಣುಶಾಸ್ತ್ರ ತಿಳಿದಿತ್ತೆಂದು ನಾವು ಬೀಗಬೇಕಾಗಿಲ್ಲ. ಕಣ್ಣಿಟ್ಟು ನೋಡಿದವರ ಭಾಷೆ ಇದು ಎಂದಷ್ಟೇ ಹೇಳುತ್ತೇವೆ. ಬಾಷ್ಪೀಭವನವೆಂಬ ಪರಿಭಾಷೆಯನ್ನು ನಾವು ಕಲಿಯಬೇಕು. ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನ ಪದವನ್ನೂ ಕಲಿಯಲೇಬೇಕು. ಆದರೆ ಅರ್ಥವರಿಯದೆ ಉರುಹೊಡೆದ ಮಾತು ಯಾವ ಭಾಷೆಯದಾದರೂ ವಿಜ್ಞಾನವಾಗಲಾರದು.

ಸಹಪಾಠಿಗಳೇ, ಪ್ರಶ್ನೆ ಕೇಳುವವರ ಮೇಲೆ ನಮಗೆ ಕೋಪ ಬೇಡ. ಎರಡು ತಟ್ಟೆಗಳಲ್ಲಿ ಸಮನಾಗಿ ನೀರು ಹಾಕಿ, ಒಂದನ್ನು ಫ್ಯಾನಿನ ಕೆಳಗೂ ಇನ್ನೊಂದನ್ನು ಮುಚ್ಚಿದ ಕಪಾಟಿನಲ್ಲಿಯೂ ಇರಿಸೋಣ. ಯಾವುದು ಮೊದಲು ಆರಿತೆಂಬುದನ್ನು ಅವರಿಗೆ ತೋರಿಸಿ, ಕಾರಣವನ್ನು ಕನ್ನಡದಲ್ಲಿ ವಿವರಿಸೋಣ. ಅದಕ್ಕಿಂತ ಮಿಗಿಲಾದ ಉತ್ತರ ಬೇರಿಲ್ಲ.