ಒತ್ತುವರಿಗೆ ಸಿಕ್ಕ ಒಡೆತನ

ಡಚ್ ಭಾಷೆಯಲ್ಲಿ ‘ಐಖನ್‌ಡಮ್’ ಎಂದರೆ ಒಡೆತನ, ‘ಬೆಜಿಟ್’ ಎಂದರೆ ಸ್ವಾಧೀನ. ಆಡುಮಾತಿನಲ್ಲಿ ಒಂದರ ಬದಲು ಇನ್ನೊಂದು ಬರುವುದುಂಟು. ನೆದರ್‌ಲೆಂಡ್ಸಿನ ನಾಗರಿಕ ಸಂಹಿತೆ ಅದನ್ನು ಒಪ್ಪುವುದಿಲ್ಲ. ವಸ್ತುವಿನ ಮೇಲೆ ಒಬ್ಬರಿಗೆ ಇರಬಹುದಾದ ಅತ್ಯಂತ ವ್ಯಾಪಕ ಹಕ್ಕೇ ಒಡೆತನ ಎನ್ನುತ್ತದೆ ಐದನೆಯ ಸಂಪುಟದ ಮೊದಲ ವಿಧಿ. ಸ್ವಾಧೀನಕ್ಕೆ ಹಕ್ಕು ಬೇಕಿಲ್ಲ. ತನ್ನದೆಂದು ಇಟ್ಟುಕೊಂಡರೆ ಸಾಕು. ಕಳ್ಳನಿಗೂ ಸ್ವಾಧೀನ ಉಂಟು, ಒಡೆತನ ಇಲ್ಲ.

ಈ ಗೆರೆಯನ್ನು ಅದೇ ಸಂಹಿತೆ ಬೇರೊಂದು ಕಡೆ ಅಳಿಸಿದೆ. 1992ರಲ್ಲಿ ಜಾರಿಗೆ ಬಂದ ಮೂರನೆಯ ಸಂಪುಟದ 105ನೆಯ ವಿಧಿಯ ಪ್ರಕಾರ, ಜಾಗ ಬಿಡಿಸಿಕೊಳ್ಳಲು ಮಾಲೀಕ 20 ವರ್ಷ ದಾವೆ ಹೂಡದಿದ್ದರೆ ಅನುಭವದಲ್ಲಿರುವವನೇ ಒಡೆಯ. ಪರರದೆಂದು ಗೊತ್ತಿದ್ದೇ ಒತ್ತುವರಿ ಮಾಡಿದ್ದರೂ ಅಡ್ಡಿಯಿಲ್ಲ. ಹಳೆಯ ಸಂಹಿತೆ ಇಂಥವನಿಗೆ ಒಡೆತನ ಕೊಡುತ್ತಿರಲಿಲ್ಲ. ದಾಖಲೆ ಒಂದು ಹೇಳಿ, ನೆಲದ ಮೇಲಿನ ಸ್ಥಿತಿ ಇನ್ನೊಂದಾಗಿ ಬಹುಕಾಲ ಉಳಿಯಬಾರದು ಎಂಬುದು ಹೊಸ ನಿಯಮದ ಸಮರ್ಥನೆ.

ಪೆಟ್ಟು ಬಿದ್ದದ್ದು ಸಾರ್ವಜನಿಕ ಜಾಗಕ್ಕೆ. ಹಿತ್ತಲ ಬೇಲಿಯನ್ನು ಪುರಸಭೆಯ ಹಸಿರುಪಟ್ಟಿಯೊಳಕ್ಕೆ ಒಂದೆರಡು ಮೀಟರ್ ಸರಿಸುವುದು, ಹುಲ್ಲು ಬೆಳೆಸುವುದು, ಶೆಡ್ ಹಾಕುವುದು. ಡಚ್ಚರು ಇದನ್ನು ‘ಲಾಂಟ್ಯೆಪಿಕ್’ ಎನ್ನುತ್ತಾರೆ. ಮಣ್ಣಿನಲ್ಲಿ ಚೌಕ ಗೀಚಿ, ಚಾಕು ಎಸೆದು, ಅದು ನಾಟಿದಲ್ಲಿ ಗೆರೆ ಎಳೆದು ಎದುರಾಳಿಯ ನೆಲ ಕತ್ತರಿಸಿಕೊಳ್ಳುವ ಮಕ್ಕಳ ಆಟದ ಹೆಸರದು. ಆಟದಲ್ಲಿ ನೆಲ ಕಳೆದುಕೊಳ್ಳುವವನು ಎದುರಿಗೇ ನಿಂತಿರುತ್ತಾನೆ. ಪುರಸಭೆಯ ಪಟ್ಟಿಗೆ ಹಾಗೆ ಯಾರೂ ಕಾವಲು ನಿಲ್ಲುವುದಿಲ್ಲ. ಖಾಸಗಿ ಮಾಲೀಕನಿಗೂ ಊರಿನ ಸ್ವತ್ತಿಗೂ ಅದೇ 20 ವರ್ಷದ ಗಡುವು ಎಂಬುದು ಅನ್ಯಾಯ.

2017ರ ಫೆಬ್ರುವರಿ 24ರಂದು ಹ್ಯೂಸ್ಡನ್ ಪುರಸಭೆಯ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಂದು ದಾರಿ ತೋರಿಸಿತು. ಒಡೆತನ ಕೈತಪ್ಪಿದ್ದರೂ, ಗೊತ್ತಿದ್ದು ಕಬಳಿಸಿದ್ದು ಅಕ್ರಮವೇ. ನಷ್ಟಪರಿಹಾರ ಕೇಳಬಹುದು, ಪರಿಹಾರವಾಗಿ ಜಾಗವನ್ನೇ ಮರಳಿ ಬರೆಸಿಕೊಳ್ಳಲೂಬಹುದು ಎಂದಿತು. ನ್ಯಾಯವಾದ ಮಾತು. ಆದರೆ ಕಾನೂನು ಇದ್ದಲ್ಲೇ ಇದೆ. ಒಂದು ವಿಧಿ ಕೊಟ್ಟದ್ದನ್ನು ಇನ್ನೊಂದರ ಬಲದಿಂದ ಹಿಂಪಡೆಯಲು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಗೊತ್ತಿದ್ದೇ ಮಾಡಿದನೆಂದು ಸಾಬೀತುಪಡಿಸುವ ಹೊರೆಯೂ ಕಳೆದುಕೊಂಡವರ ಮೇಲೆ. ಗೊತ್ತಿದ್ದು ಮಾಡಿದ ಒತ್ತುವರಿ ಎಷ್ಟು ವರ್ಷ ಕಳೆದರೂ ಸಾರ್ವಜನಿಕ ಜಾಗದ ಒಡೆತನ ತಾರದು ಎಂಬ ವಾಕ್ಯವೊಂದನ್ನು ಡಚ್ ಸಂಸತ್ತು 105ನೆಯ ವಿಧಿಗೆ ಸೇರಿಸಬೇಕು.