ಎಂಟ್ರಿ ತಪ್ಪಿದರೆ ಸಾಫ್ಟ್‌ವೇರ್ ಏನು ಮಾಡೀತು?

ದೊಡ್ಡ ಕಂಪನಿಗಳು ಈಗ ಲೆಕ್ಕ, ಸ್ಟಾಕ್, ಸಂಬಳ ಎಲ್ಲವನ್ನೂ ಕ್ಲೌಡ್ ಸಾಫ್ಟ್‌ವೇರ್‌ಗೆ ಹಾಕುತ್ತಿವೆ. "ಎಲ್ಲ ಕಂಪ್ಯೂಟರೇ ಮಾಡುತ್ತೆ, ಜರ್ನಲ್, ಲೆಡ್ಜರ್ ಇನ್ನು ಯಾಕೆ?" ಎಂದು ನಮ್ಮ ಕಾಮರ್ಸ್ ವಿದ್ಯಾರ್ಥಿಗಳೇ ಕೇಳುತ್ತಾರೆ. ನಾನು ಒಪ್ಪುವುದಿಲ್ಲ.

ಅಮೆರಿಕದ ಟಾರ್ಗೆಟ್ ಕಂಪನಿಯನ್ನು ನೋಡಿ. 2013ರಲ್ಲಿ ಕೆನಡಾದಲ್ಲಿ ಅಂಗಡಿ ತೆರೆಯಲು ಶುರು ಮಾಡಿತು. ಸ್ಯಾಪ್ ಎಂಬ ಹೆಸರಾಂತ ಸಾಫ್ಟ್‌ವೇರ್ ಹಾಕಿತು. ಆದರೆ ಸಾವಿರಾರು ಸಾಮಾನುಗಳ ವಿವರವನ್ನು ಅವಸರದಲ್ಲಿ ತುಂಬಿಸಿದರು. ಸೆಂಟಿಮೀಟರ್ ಇರಬೇಕಾದ ಕಡೆ ಇಂಚು ಬಂತು, ಉದ್ದ ಅಗಲ ಅದಲುಬದಲಾಯಿತು. ಗೋದಾಮು ತುಂಬಿ ತುಳುಕಿತು, ಅಂಗಡಿಯ ಕಪಾಟು ಖಾಲಿ ಉಳಿಯಿತು. ಬೇರೆ ಕಾರಣಗಳೂ ಸೇರಿ 2015ರಲ್ಲಿ 133 ಅಂಗಡಿಗಳೂ ಮುಚ್ಚಿದವು. ಸುಮಾರು 17,600 ಜನರ ಕೆಲಸ ಹೋಯಿತು.

ಸರ್ವರ್ ಕಂಪನಿಯದೇ ಆಗಲಿ, ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದದ್ದಾಗಲಿ, ತಪ್ಪು ಅಂಕಿ ಹಾಕಿದರೆ ಡೇಟಾ ಅನಾಲಿಟಿಕ್ಸ್ ಆ ತಪ್ಪನ್ನೇ ಚೆಂದದ ಗ್ರಾಫ್ ಮಾಡಿ ತೋರಿಸುತ್ತದೆ. ನಾಳೆ ಆ ಎಂಟ್ರಿ ಮಾಡುವವರು ನಾವೇ. ಸಾಫ್ಟ್‌ವೇರ್‌ಗೆ ಕೋಟಿ ಸುರಿಯುವ ಕಂಪನಿಗಳು ಎಂಟ್ರಿ ಮಾಡುವವರಿಗೆ ತರಬೇತಿ ಕೊಡಲಿ, ಸಮಯವನ್ನೂ ಕೊಡಲಿ. ನಾವು ವೋಚರ್ ನೋಡಿದ ಕೂಡಲೇ "ಸರ್, ಇದು ತಾಳೆಯಾಗುತ್ತಿಲ್ಲ" ಎಂದು ಧೈರ್ಯವಾಗಿ ಹೇಳುವಷ್ಟು ಲೆಕ್ಕ ಕಲಿಯೋಣ.