ಕೈಗುಣದ ಮಾತು ಸಾಕು

ಪಡಸಾಲೆಯಲ್ಲಿ ಟೀವಿ ಪಕ್ಕಕ್ಕಿಟ್ಟ ಬೋನ್ಸಾಯ್ ಒಣಗಿದರೆ ಮನೆಯವರೆಲ್ಲ ಅನ್ನುವುದು ಒಂದೇ ಮಾತು: "ನಿನ್ನ ಕೈಗುಣಾನೇ ಸರಿ ಇಲ್ಲ ಬಿಡು." ಅಕ್ಕತಂಗಿಯರೇ, ಮಲ್ಲಟದಲ್ಲಿ ಮಕ್ಕಳಿಗೆ ಪಾಠ ಹೇಳುವ ನಾನು ಈ ಮಾತನ್ನು ಒಪ್ಪುವುದಿಲ್ಲ. ತಪ್ಪು ಕೈಯದಲ್ಲ, ಗಿಡ ಇಟ್ಟ ಜಾಗದ್ದು. "ಸದಾ ಹಸಿರು, ಒಳಗಿದ್ದರೆ ಸಾಕು" ಎಂದು ಮಾರಿದವರದ್ದು.

ನಿತ್ಯಹರಿದ್ವರ್ಣವೆಂದರೆ ಎಲೆಯನ್ನೆಲ್ಲ ಒಮ್ಮೆಲೇ ಉದುರಿಸದ ಮರ. ಬಿಸಿಲು ಬೇಡದ ಮರವಲ್ಲ. ಜಪಾನಿನಲ್ಲೂ ಬೋನ್ಸಾಯ್ ಬೆಳೆಯುವುದು ಹೊರಗೆ. ಒಳಗೆ ಬರುವುದು ನಾಲ್ಕು ದಿನದ ಪ್ರದರ್ಶನಕ್ಕೆ. 2016ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಮೈಸೂರಿನ ದತ್ತಪೀಠದ ಬೋನ್ಸಾಯ್ ತೋಟವೂ ಬಯಲಿನಲ್ಲೇ ಇದೆ. ಚಳಿನಾಡಿನ ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿ ಕಾಣುತ್ತದೆ. ಅಂಥದ್ದನ್ನು 40 ಡಿಗ್ರಿ ದಾಟುವ ರಾಯಚೂರು ಸೀಮೆಗೆ ತಂದು, ಒಣಗಿದಾಗ ಹೆಣ್ಣುಮಕ್ಕಳನ್ನು ದೂರುವುದು ಯಾವ ನ್ಯಾಯ?

ನಮಗೆ ಹುಣಸೆ, ಆಲ ಇವೆ. ಬೆಳಗಿನ ಬಿಸಿಲು ಬೀಳುವ ಅಂಗಳದಲ್ಲಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ನೆರಳಿಗೆ ಸರಿಸಿ. ದಿನಕ್ಕೊಂದು ಲೋಟ ನೀರೆಂಬ ಲೆಕ್ಕ ಬೇಡ. ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ತಳದ ತೂತಿನಿಂದ ಇಳಿಯುವಷ್ಟು ಹಾಕಿ. ಒಳಗೇ ಬೇಕೆಂದರೆ ಆಲದ ಜಾತಿಯ ಫೈಕಸ್ ತಂದು, ಬಿಸಿಲು ಬರುವ ಕಿಟಕಿಯ ಬಳಿ ಇಡಿ. ಟೀವಿ ಪಕ್ಕಕ್ಕೆ ಪ್ಲಾಸ್ಟಿಕ್ ಗಿಡ ಸಾಕು.

ಇನ್ನೂ ಕೈಗುಣ ಎತ್ತುವವರಿದ್ದರೆ ಅವರ ಕೈಗೇ ಚೊಂಬು ಕೊಡಿ. ಒಂದು ಬೇಸಿಗೆ ಅವರೇ ನೋಡಿಕೊಳ್ಳಲಿ.